ದತ್ತಿ ಮತ್ತು ದತ್ತಸಂಚಯ
(ಸಂಬಂಧವುಳ್ಳ ದಾಖಲೆಗಳನ್ನು ಗಣಕದಲ್ಲಿ ಸೇರಿಸುವ ಹಾಗೂ ತಿದ್ದುವ ಕ್ರಮವನ್ನು ಕುರಿತ ವಿಚಾರ)

ಯಾವುದೇ ಹಳೆಯ ವಿದ್ಯಾಸಂಸ್ಥೆಯ ಕಚೇರಿಯನ್ನು ಹೊಕ್ಕರೂ ಗೋಡೆಗೆ ಒರಗಿ ನಿಂತ ಕಪಾಟೊಂದು ಕಣ್ಣಿಗೆ ಬೀಳುತ್ತದೆ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಅಂಕಪಟ್ಟಿಗಳ ಕಟ್ಟು, ರಸೀದಿ ಪುಸ್ತಕಗಳ ಸ್ಥಳಪ್ರತಿ, ದತ್ತಿಗಳ ಖಾತೆ ಪುಸ್ತಕ ಇವೆಲ್ಲವೂ ಅದರೊಳಗೆ ಒಂದರ ಪಕ್ಕದಲ್ಲೊಂದು ಕುಳಿತಿರುತ್ತವೆ. ನೋಡುವವರಿಗೆ ಅವು ಬೇರೆ ಬೇರೆ ಪುಸ್ತಕಗಳು. ಆದರೆ ಮೂವತ್ತು ವರ್ಷ ಸೇವೆ ಸಲ್ಲಿಸಿದ ಗುಮಾಸ್ತರಿಗೆ ಅವು ಒಂದೇ ಕುಟುಂಬ. ಖಾತೆ ಪುಸ್ತಕದ ಇಂತಹ ಪುಟದಲ್ಲಿರುವ ದತ್ತಿಯನ್ನು ಕೊಟ್ಟವರು ಯಾರು, ಆ ದತ್ತಿಯ ಬಡ್ಡಿಯಿಂದ ಕನ್ನಡದಲ್ಲಿ ಪ್ರಥಮ ಸ್ಥಾನ ಪಡೆದ ಯಾವ ವಿದ್ಯಾರ್ಥಿಗೆ ಯಾವ ವರ್ಷ ಬಹುಮಾನ ಸಂದಿತು ಎಂಬುದನ್ನು ಅವರು ಪುಸ್ತಕ ತೆರೆಯುವ ಮೊದಲೇ ಹೇಳಬಲ್ಲರು. ಪುಸ್ತಕಗಳ ನಡುವಣ ಈ ಸಂಬಂಧವನ್ನು ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಅದು ಇರುವುದು ಆ ಗುಮಾಸ್ತರ ನೆನಪಿನಲ್ಲಿ ಮಾತ್ರ. ಅವರು ನಿವೃತ್ತರಾದ ದಿನ ಪುಸ್ತಕಗಳು ಉಳಿಯುತ್ತವೆ, ಸಂಬಂಧವು ಹೊರಟು ಹೋಗುತ್ತದೆ.

ಈಗ ಇಂತಹ ಪುಸ್ತಕಗಳು ಒಂದೊಂದಾಗಿ ಗಣಕಯಂತ್ರವನ್ನು ಸೇರುತ್ತಿವೆ. ಕಾಗದದ ಮೇಲಿದ್ದುದು ತೆರೆಯ ಮೇಲೆ ಮೂಡಿದೊಡನೆ ಕಾರ್ಯ ಮುಗಿಯಿತೆಂದು ಭಾವಿಸುವವರುಂಟು. ವಾಸ್ತವವಾಗಿ ಕಾರ್ಯವು ಅಲ್ಲಿಂದಲೇ ಆರಂಭವಾಗುತ್ತದೆ. ಗಣಕಕ್ಕೆ ನೆನಪು ಅಪಾರವಾಗಿದ್ದರೂ ಊಹೆ ಇಲ್ಲ. ಬರೆದುದನ್ನಷ್ಟೇ ಅದು ಬಲ್ಲುದು. ಆದುದರಿಂದ ದಾಖಲೆಯನ್ನು ಮಾತ್ರವಲ್ಲದೆ ದಾಖಲೆಗೂ ದಾಖಲೆಗೂ ಇರುವ ಸಂಬಂಧವನ್ನೂ ಬರೆದಿಡಬೇಕು. ಹೊಸದನ್ನು ಸೇರಿಸುವಾಗಲೂ ಇದ್ದುದನ್ನು ತಿದ್ದುವಾಗಲೂ ಆ ಸಂಬಂಧವು ಒಂದು ಕ್ಷಣವೂ ಹರಿಯದಂತೆ ಕಾಯಬೇಕು. ಇದು ಹೇಗೆ ಸಾಧ್ಯವೆಂಬುದೇ ಪ್ರಕೃತ ಲೇಖನದ ವಿಷಯ.

೧. ಶಬ್ದವಿಚಾರ

ಆಂಗ್ಲದ ‘ಡೇಟಾ’ ಶಬ್ದವು ಲ್ಯಾಟಿನ್ ಭಾಷೆಯಲ್ಲಿ ‘ಕೊಡು’ ಎಂಬರ್ಥದ ಧಾತುವಿನಿಂದ ಹುಟ್ಟಿದುದು. ‘ಕೊಡಲ್ಪಟ್ಟವು’ ಎಂದು ಅದರ ಮೂಲಾರ್ಥ. ಸಂಸ್ಕೃತದ ‘ದಾ’ ಧಾತುವೂ ಆ ಲ್ಯಾಟಿನ್ ಧಾತುವೂ ಒಂದೇ ಮೂಲದ ಕವಲುಗಳೆಂಬುದು ಭಾಷಾಶಾಸ್ತ್ರಜ್ಞರು ಒಪ್ಪಿದ ಸಂಗತಿ. ದಾನ, ದಾನಿ, ದತ್ತ, ದತ್ತಿ ಇವೆಲ್ಲವೂ ಆ ಧಾತುವಿನ ಸಂತಾನ. ‘ಡೇಟಾ’ವನ್ನು ಕನ್ನಡದಲ್ಲಿ ದತ್ತಾಂಶವೆಂದೂ ಅದರ ಭಂಡಾರವಾದ ‘ಡೇಟಾಬೇಸ್’ ಅನ್ನು ದತ್ತಸಂಚಯವೆಂದೂ ಕರೆಯುವುದು ಹೀಗೆ ಧಾತುವಿಗೂ ಅರ್ಥಕ್ಕೂ ಒಪ್ಪುತ್ತದೆ.

ಕನ್ನಡನಾಡಿನ ಶಾಸನಗಳಲ್ಲಿ ದತ್ತಿ ಎಂಬುದು ಪರಿಚಿತ ಶಬ್ದ. ದಾನಶಾಸನವೊಂದನ್ನು ಓದಿದವರಿಗೆ ಅದರ ಕಟ್ಟು ತಿಳಿದಿದೆ: ಕೊಟ್ಟವರಾರು, ಪಡೆದವರಾರು, ಕೊಟ್ಟುದೇನು, ಅದರ ಎಲ್ಲೆ ಯಾವುದು, ಕಾಲ ಯಾವುದು, ಸಾಕ್ಷಿಗಳು ಯಾರು. ಕೊನೆಯಲ್ಲಿ ದತ್ತಿಯನ್ನು ಅಳಿದವರಿಗೆ ಪಾಪವು ತಗಲುವುದೆಂಬ ಶಾಪಾಶಯ. ದತ್ತಸಂಚಯದ ದಾಖಲೆಯ ಅಂಗಗಳೂ ಹೆಚ್ಚುಕಡಿಮೆ ಇವೇ. ಶಾಪಾಶಯದ ಸ್ಥಾನದಲ್ಲಿ ಮಾತ್ರ ಗಣಕದ ನಿರ್ಬಂಧಗಳು ಬಂದಿವೆ. ಅವು ಪರಲೋಕದವರೆಗೆ ಕಾಯದೆ ತಪ್ಪು ಮಾಡಹೊರಟ ಆ ಕ್ಷಣದಲ್ಲೇ ಕೈ ಹಿಡಿದು ತಡೆಯುತ್ತವೆ.

ಇನ್ನು ‘ಸ್ಕ್ರಿಪ್ಟ್’ ಎಂದರೆ ಗಣಕವು ಕ್ರಮವಾಗಿ ನಡೆಸಬೇಕಾದ ಆಜ್ಞೆಗಳ ಬರಹ. ಪೈಥಾನ್, ಪಿಎಚ್‌ಪಿ ಮೊದಲಾದ ಭಾಷೆಗಳಲ್ಲಿ ಅದನ್ನು ರಚಿಸುತ್ತಾರೆ. ಗುಮಾಸ್ತರು ಒಂದು ದಿನದಲ್ಲಿ ಹತ್ತು ಸಾಲು ಬರೆದರೆ ಸ್ಕ್ರಿಪ್ಟು ಒಂದು ನಿಮಿಷದಲ್ಲಿ ಸಾವಿರಾರು ಸಾಲು ಬರೆಯುತ್ತದೆ. ಸರಿಯನ್ನು ಎಷ್ಟು ವೇಗವಾಗಿ ಬರೆಯುವುದೋ ತಪ್ಪನ್ನೂ ಅಷ್ಟೇ ವೇಗವಾಗಿ ಬರೆಯುವುದರಿಂದ, ಅದನ್ನು ರಚಿಸುವವರು ಮೊದಲೇ ವಿಚಾರಿಸಬೇಕಾದುದು ಅಧಿಕ.

೨. ಪೂರ್ವೇತಿಹಾಸ

ಈ ಶಾಸ್ತ್ರದ ಮೂಲಪುರುಷನೆನ್ನಬಹುದಾದವನು ಎಡ್ಗರ್ ಫ್ರಾಂಕ್ ಕಾಡ್. ೧೯೨೩ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಈತನು ಅಮೆರಿಕದ ಸ್ಯಾನ್ ಹೋಸೆ ನಗರದಲ್ಲಿದ್ದ ಐಬಿಎಂ ಸಂಶೋಧನಾಲಯದಲ್ಲಿ ಕಾರ್ಯ ಮಾಡುತ್ತಿದ್ದಾಗ, ೧೯೭೦ರ ಜೂನ್ ತಿಂಗಳಲ್ಲಿ ‘ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂ’ ಎಂಬ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಅದಕ್ಕೆ ಮುಂಚಿನ ದತ್ತಸಂಚಯಗಳಲ್ಲಿ ದಾಖಲೆಗಳನ್ನು ಮರದ ಕೊಂಬೆರೆಂಬೆಗಳಂತೆ ಅಥವಾ ಬಲೆಯ ಗಂಟುಗಳಂತೆ ಜೋಡಿಸುತ್ತಿದ್ದರು. ಬೇಕಾದ ದಾಖಲೆಯನ್ನು ತಲುಪಲು ಯಾವ ಕೊಂಬೆಯಿಂದ ಯಾವ ರೆಂಬೆಗೆ ಇಳಿಯಬೇಕೆಂಬ ದಾರಿಯನ್ನು ಸ್ಕ್ರಿಪ್ಟು ಬರೆಯುವವನೇ ತಿಳಿದಿರಬೇಕಾಗಿತ್ತು. ಜೋಡಣೆ ಬದಲಾದರೆ ದಾರಿಯೂ ಬದಲಾಗಿ ಹಳೆಯ ಆಜ್ಞೆಗಳು ನಿರುಪಯುಕ್ತವಾಗುತ್ತಿದ್ದುವು. ಕಾಡನು ದಾರಿಗಳನ್ನು ಕೈಬಿಟ್ಟು ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿ ಬರೆಯಬಹುದೆಂದೂ, ಒಂದು ಕೋಷ್ಟಕವು ಮತ್ತೊಂದನ್ನು ಅದರಲ್ಲಿರುವ ಮೌಲ್ಯದ ಮೂಲಕವೇ ಸೂಚಿಸಬಹುದೆಂದೂ ಪ್ರತಿಪಾದಿಸಿದನು. ಅವನ ಪದ್ಧತಿಗೆ ‘ರಿಲೇಶನಲ್’ ಎಂಬ ಹೆಸರು ಬಂದುದು ಗಣಿತಶಾಸ್ತ್ರದ ‘ರಿಲೇಶನ್’ ಎಂಬ ಪರಿಭಾಷೆಯಿಂದ. ಅಲ್ಲಿ ಕೋಷ್ಟಕವನ್ನೇ ಸಂಬಂಧವೆನ್ನುತ್ತಾರೆಂಬುದನ್ನು ಗಮನಿಸಬೇಕು. ಈ ಸಾಧನೆಗಾಗಿ ೧೯೮೧ರಲ್ಲಿ ಅವನಿಗೆ ಗಣಕಶಾಸ್ತ್ರದ ಪರಮ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು ಸಂದಿತು.

೧೯೭೪ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬವರು ಈ ಕೋಷ್ಟಕಗಳೊಡನೆ ಮಾತನಾಡಲು ಒಂದು ಭಾಷೆಯನ್ನು ರೂಪಿಸಿದರು. ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾದ ಆ ಭಾಷೆಗೆ ೧೯೮೬ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮನ್ನಣೆ ದೊರೆಯಿತು. ಸಂಬಂಧರಕ್ಷಣೆಯ ನಿಯಮಗಳು ೧೯೮೯ರ ಪರಿಷ್ಕರಣದಲ್ಲಿ ಅದಕ್ಕೆ ಸೇರಿದುವು. ‘ಇನ್ಸರ್ಟ್’ ಎಂದರೆ ಸೇರಿಸು, ‘ಅಪ್‌ಡೇಟ್’ ಎಂದರೆ ತಿದ್ದು, ‘ಡಿಲೀಟ್’ ಎಂದರೆ ಅಳಿಸು. ಕ್ರಿಯಾಪದಗಳು ಕೆಲವೇ ಆದರೂ ವ್ಯಾಕರಣವು ಕಠಿಣವಾದುದು.

೩. ನಾಲ್ಕು ಕೋಷ್ಟಕಗಳು

ಉದಾಹರಣೆಗಾಗಿ ಒಂದು ಪ್ರೌಢಶಾಲೆಯ ದತ್ತಿಗಳ ಲೆಕ್ಕವನ್ನೇ ಪರಿಭಾವಿಸಬಹುದು. ಮೊದಲನೆಯ ಕೋಷ್ಟಕದಲ್ಲಿ ದಾನಿಗಳು: ಹೆಸರು, ಊರು, ವಿಳಾಸ. ಎರಡನೆಯದರಲ್ಲಿ ದತ್ತಿಗಳು: ಯಾರ ಸ್ಮರಣಾರ್ಥ, ಮೂಲಧನ ಎಷ್ಟು, ಯಾವ ವಿಷಯದ ಬಹುಮಾನಕ್ಕೆ ಮೀಸಲು. ಮೂರನೆಯದರಲ್ಲಿ ವಿದ್ಯಾರ್ಥಿಗಳು. ನಾಲ್ಕನೆಯದರಲ್ಲಿ ಬಹುಮಾನಗಳು: ಯಾವ ದತ್ತಿಯಿಂದ, ಯಾವ ವಿದ್ಯಾರ್ಥಿಗೆ, ಯಾವ ವರ್ಷ, ಎಷ್ಟು ಹಣ. ಒಬ್ಬ ದಾನಿಯು ಅನೇಕ ದತ್ತಿಗಳನ್ನು ಇಡಬಹುದು. ಒಂದು ದತ್ತಿಯಿಂದ ವರ್ಷವರ್ಷವೂ ಬೇರೆ ಬೇರೆ ವಿದ್ಯಾರ್ಥಿಗಳು ಬಹುಮಾನ ಪಡೆಯಬಹುದು. ಒಬ್ಬನೇ ವಿದ್ಯಾರ್ಥಿಯು ಹಲವು ದತ್ತಿಗಳ ಬಹುಮಾನಗಳಿಗೆ ಅರ್ಹನಾಗಬಹುದು.

ಪ್ರತಿಯೊಂದು ಸಾಲಿಗೂ ಅದರದೇ ಆದ, ಎಂದೂ ಬದಲಾಗದ ಸಂಖ್ಯೆಯೊಂದಿರಬೇಕು. ಇದಕ್ಕೆ ‘ಪ್ರೈಮರಿ ಕೀ’ ಎಂದು ಹೆಸರು, ಮೂಲಕೀಲಿ ಎನ್ನಬಹುದು. ಹೆಸರನ್ನೇ ಕೀಲಿಯಾಗಿ ಬಳಸಬಾರದೇ ಎಂಬ ಪ್ರಶ್ನೆ ಸಹಜ. ಒಂದೇ ತಾಲ್ಲೂಕಿನಲ್ಲಿ ಎಷ್ಟು ಜನ ಬಸಪ್ಪಂದಿರು, ಎಷ್ಟು ಜನ ಶಿವಪ್ಪಂದಿರು ಇರುವರೆಂಬುದನ್ನು ಬಲ್ಲವರು ಈ ಪ್ರಶ್ನೆಗೆ ತಾವೇ ಉತ್ತರ ಹೇಳಿಕೊಳ್ಳಬಲ್ಲರು. ಅದಲ್ಲದೆ ಹೆಸರಿನಲ್ಲಿ ಕಾಗುಣಿತದ ತಪ್ಪು ಕಂಡುಬಂದರೆ ತಿದ್ದಬೇಕಾಗುತ್ತದೆ. ತಿದ್ದಬೇಕಾಗುವ ವಸ್ತುವು ಗುರುತಾಗಲಾರದು.

ದತ್ತಿಯ ಸಾಲಿನಲ್ಲಿ ದಾನಿಯ ಹೆಸರನ್ನು ಮತ್ತೆ ಬರೆಯುವುದಿಲ್ಲ. ದಾನಿಯ ಸಂಖ್ಯೆಯನ್ನಷ್ಟೇ ಬರೆಯುತ್ತಾರೆ. ಇದು ‘ಫಾರಿನ್ ಕೀ’, ಅರ್ಥಾತ್ ಅನ್ಯಕೀಲಿ. ವ್ಯಾಕರಣವನ್ನು ಓದಿದವರಿಗೆ ಇದರ ಸ್ವರೂಪವು ಸುಲಭವಾಗಿ ಹೊಳೆಯುತ್ತದೆ. ಅನ್ಯಕೀಲಿಯು ಸರ್ವನಾಮದಂತೆ. ‘ಅವನು ಬಂದನು’ ಎಂದರೆ ಯಾವನು ಎಂಬುದು ಹಿಂದೆಯೇ ಹೇಳಿರಬೇಕು. ಹಿಂದೆ ನಾಮಪದವಿಲ್ಲದ ಸರ್ವನಾಮವು ನಿರರ್ಥಕ. ಅದರಂತೆಯೇ ದಾನಿಗಳ ಕೋಷ್ಟಕದಲ್ಲಿ ಇಲ್ಲದ ಸಂಖ್ಯೆಯನ್ನು ಹೊತ್ತ ದತ್ತಿಯು ಅನಾಥ. ಈ ಅನಾಥತ್ವವನ್ನು ತಡೆಯುವ ನಿಯಮಕ್ಕೆ ‘ರೆಫರೆನ್ಷಿಯಲ್ ಇಂಟೆಗ್ರಿಟಿ’ ಎನ್ನುವರು. ಸೂಚ್ಯವು ಇದ್ದೇ ಇರಬೇಕೆಂಬುದು ಅದರ ತಾತ್ಪರ್ಯ.

ಇಲ್ಲೊಂದು ಎಚ್ಚರಿಕೆಯನ್ನು ಹೇಳಬೇಕು. ನಿಯಮವನ್ನು ಬರೆದ ಮಾತ್ರಕ್ಕೆ ಎಲ್ಲ ದತ್ತಸಂಚಯಗಳೂ ಅದನ್ನು ಪಾಲಿಸುವುದಿಲ್ಲ. ಸಣ್ಣ ಸಂಸ್ಥೆಗಳಿಗೆ ಅನುಕೂಲವಾದ ಎಸ್‌ಕ್ಯೂಲೈಟ್ ಎಂಬುದು ೨೦೦೦ರಲ್ಲಿ ಬಂದಿತು. ೨೦೦೯ರಿಂದ ಈ ನಿಯಮವನ್ನು ಜಾರಿ ಮಾಡುವ ಶಕ್ತಿಯನ್ನೂ ಪಡೆಯಿತು. ಆದರೂ ಸಾಮಾನ್ಯವಾಗಿ ಪ್ರತಿ ಸಲ ಸಂಪರ್ಕ ಕಲ್ಪಿಸುವಾಗಲೂ ‘ಅನ್ಯಕೀಲಿಗಳನ್ನು ಕಾಯಿ’ ಎಂದು ಪ್ರತ್ಯೇಕವಾಗಿ ಆಜ್ಞಾಪಿಸದಿದ್ದರೆ ಅದು ಸುಮ್ಮನಿರುತ್ತದೆ. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಎಸ್‌ಎಎಂ ವಿಧದ ಕೋಷ್ಟಕಗಳು ನಿಯಮವನ್ನು ಓದಿಕೊಂಡರೂ ಆಚರಿಸುತ್ತಿರಲಿಲ್ಲ. ಬಾಗಿಲಿಗೆ ಬೀಗ ತಗುಲಿಸಿದ ಮೇಲೆ ಅದು ಬಿದ್ದಿದೆಯೋ ಇಲ್ಲವೋ ಎಂದು ಒಮ್ಮೆ ಜಗ್ಗಿ ನೋಡುವಂತೆ, ಬೇಕೆಂದೇ ತಪ್ಪು ಸಂಖ್ಯೆಯೊಂದನ್ನು ಸೇರಿಸಹೊರಟು ದತ್ತಸಂಚಯವು ನಿರಾಕರಿಸುವುದೋ ಎಂದು ಪರೀಕ್ಷಿಸುವುದು ವಿವೇಕ.

೪. ಸೇರ್ಪಡೆಯ ಕ್ರಮ

ಹೊಸ ದಾನಿಯೊಬ್ಬರು ತಮ್ಮ ತಾಯಿಯ ಸ್ಮರಣಾರ್ಥ ೧೦,೦೦೦ ರೂಪಾಯಿಗಳ ದತ್ತಿಯನ್ನಿಟ್ಟರೆಂದು ಭಾವಿಸೋಣವಾಗಲಿ. ಸ್ಕ್ರಿಪ್ಟು ಮೊದಲು ದಾನಿಯ ಸಾಲನ್ನು ಬರೆಯಬೇಕು; ದಾನಿಗೆ ದೊರೆತ ಹೊಸ ಸಂಖ್ಯೆಯನ್ನು ಕೇಳಿ ಪಡೆಯಬೇಕು; ಅನಂತರ ಆ ಸಂಖ್ಯೆಯನ್ನಿಟ್ಟು ದತ್ತಿಯ ಸಾಲನ್ನು ಬರೆಯಬೇಕು. ಆಶ್ರಯ ಮೊದಲು, ಆಶ್ರಿತ ಆಮೇಲೆ. ಅಳಿಸುವಾಗ ಈ ಕ್ರಮವು ತಿರುವುಮುರುವಾಗುತ್ತದೆ.

ಹೊಸ ಸಂಖ್ಯೆಯನ್ನು ಪಡೆಯುವ ವಿಷಯದಲ್ಲಿ ಅನುಭವವಿಲ್ಲದವರು ಒಂದು ತಪ್ಪು ಮಾಡುತ್ತಾರೆ. ಕೋಷ್ಟಕದಲ್ಲಿರುವ ಅತ್ಯಧಿಕ ಸಂಖ್ಯೆ ೫೭ ಎಂದು ನೋಡಿ, ಮುಂದಿನದು ೫೮ ಎಂದು ತಾವೇ ಎಣಿಸಿಕೊಳ್ಳುತ್ತಾರೆ. ಕಚೇರಿಯಲ್ಲಿ ಒಬ್ಬರೇ ಕುಳಿತಿರುವವರೆಗೆ ಇದು ನಡೆಯುತ್ತದೆ. ಇಬ್ಬರು ಗುಮಾಸ್ತರು ಎರಡು ಗಣಕಗಳಲ್ಲಿ ಒಂದೇ ಕ್ಷಣದಲ್ಲಿ ೫೭ನ್ನು ನೋಡಿದರೆ ಇಬ್ಬರೂ ೫೮ ಎಂದೇ ಬರೆಯುವರು. ಒಬ್ಬರ ತಾಯಿಯ ಹೆಸರಿನ ದತ್ತಿಯು ಮತ್ತೊಬ್ಬರ ಖಾತೆಗೆ ಅಂಟಿಕೊಳ್ಳುವುದು ಹೀಗೆಯೇ. ಸಂಖ್ಯೆಯನ್ನು ಕೊಡುವ ಅಧಿಕಾರವನ್ನು ದತ್ತಸಂಚಯಕ್ಕೇ ಬಿಟ್ಟು, ಕೊಟ್ಟ ಸಂಖ್ಯೆ ಯಾವುದೆಂದು ಅದನ್ನೇ ಕೇಳಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ‘ಲಾಸ್ಟ್ ಇನ್ಸರ್ಟ್ ಐಡಿ’ ಎಂಬ ಸೌಲಭ್ಯವು, ಇದೇ ಸಂಪರ್ಕದಲ್ಲಿ ಕೊನೆಗೆ ಕೊಟ್ಟ ಸಂಖ್ಯೆಯನ್ನು ಮಾತ್ರ ತಿಳಿಸುವುದರಿಂದ ಪಕ್ಕದ ಗಣಕದವರ ಸಂಖ್ಯೆಯು ಇದರೊಡನೆ ಕಲೆಯುವ ಭಯವಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಸೇರ್ಪಡೆಯ ಆಜ್ಞೆಯ ಕೊನೆಗೆ ‘ರಿಟರ್ನಿಂಗ್’ ಎಂಬ ಪದವನ್ನು ಸೇರಿಸಿದರೆ ಹೊಸ ಸಂಖ್ಯೆಯು ಕೂಡಲೇ ಮರಳಿ ಬರುತ್ತದೆ.

ಸ್ಕ್ರಿಪ್ಟು ಅರ್ಧದಲ್ಲಿ ನಿಂತು, ಅದನ್ನು ಮತ್ತೊಮ್ಮೆ ನಡೆಸಬೇಕಾದ ಸಂದರ್ಭವೂ ಬರುತ್ತದೆ. ಆಗ ಮೊದಲ ಸಲ ಬರೆದ ಸಾಲುಗಳು ಎರಡನೆಯ ಸಲವೂ ಸೇರಿ, ಒಂದೇ ಬಹುಮಾನವನ್ನು ಎರಡು ಬಾರಿ ಕೊಟ್ಟಂತೆ ತೋರಬಹುದು. ಇದಕ್ಕೆ ಪರಿಹಾರವಿದೆ. ರಸೀದಿ ಸಂಖ್ಯೆಯು ಎರಡು ಸಲ ಬರಕೂಡದು; ಒಂದು ದತ್ತಿಗೆ ಒಂದು ವರ್ಷದಲ್ಲಿ ಒಂದೇ ಬಹುಮಾನವೆಂಬುದು ಸಂಸ್ಥೆಯ ಕಟ್ಟಳೆಯಾಗಿದ್ದರೆ ದತ್ತಿ ಮತ್ತು ವರ್ಷಗಳ ಜೋಡಿಯು ಎರಡು ಸಲ ಬರಕೂಡದು. ಈ ನಿಯಮಗಳನ್ನು ಕೋಷ್ಟಕಕ್ಕೇ ವಿಧಿಸಿದರೆ ಪುನರುಕ್ತಿಯನ್ನು ಅದೇ ತಡೆಯುತ್ತದೆ.

೫. ತಿದ್ದುಪಡಿಯ ವಿವೇಕ

ಸೇರಿಸುವುದಕ್ಕಿಂತ ತಿದ್ದುವುದು ಕಷ್ಟ. ಸೇರಿಸುವವನು ಖಾಲಿ ಸಾಲಿನಲ್ಲಿ ಬರೆಯುತ್ತಾನೆ, ತಿದ್ದುವವನು ಹಿಂದೆ ಬರೆದವರ ಅಕ್ಷರದ ಮೇಲೆ ಬರೆಯುತ್ತಾನೆ.

ಮೊದಲನೆಯ ಅಪಾಯವು ಎಲ್ಲರಿಗೂ ಪರಿಚಿತ. ಅಪ್‌ಡೇಟ್ ಆಜ್ಞೆಯಲ್ಲಿ ‘ವೇರ್’ ಎಂಬ ಪದದಿಂದ ಆರಂಭವಾಗುವ ಭಾಗವು ಯಾವ ಸಾಲನ್ನು ತಿದ್ದಬೇಕೆಂಬುದನ್ನು ಹೇಳುತ್ತದೆ. ಅದನ್ನು ಮರೆತರೆ ಕೋಷ್ಟಕದ ಸಮಸ್ತ ಸಾಲುಗಳೂ ತಿದ್ದಲ್ಪಡುತ್ತವೆ. ಒಬ್ಬ ದಾನಿಯ ವಿಳಾಸವನ್ನು ಬದಲಿಸಹೋಗಿ ಎಲ್ಲ ದಾನಿಗಳೂ ಒಂದೇ ಮನೆಯಲ್ಲಿ ವಾಸಿಸುವಂತಾದೀತು. ಆದುದರಿಂದ ತಿದ್ದುವ ಮೊದಲು ಅದೇ ನಿಬಂಧನೆಯಿಂದ ಎಷ್ಟು ಸಾಲುಗಳು ಸಿಗುವುವೆಂದು ಎಣಿಸುವುದು, ತಿದ್ದಿದ ಬಳಿಕ ಎಷ್ಟು ಸಾಲುಗಳು ಬದಲಾದುವೆಂದು ಕೇಳುವುದು, ಎರಡೂ ಲೆಕ್ಕ ಕೂಡದಿದ್ದರೆ ಹಿಂದಿರುಗುವುದು, ಈ ಮೂರೂ ಸ್ಕ್ರಿಪ್ಟಿನಲ್ಲಿಯೇ ಅಡಕವಾಗಿರಬೇಕು.

ಎರಡನೆಯ ಅಪಾಯವು ಮೇಲ್ನೋಟಕ್ಕೆ ಕಾಣುವಂಥದಲ್ಲ. ‘ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು’ ಎಂಬ ಕಾರ್ಯವು ಮೇಲಿಂದ ಮೇಲೆ ಬರುತ್ತದೆ. ಅದಕ್ಕಾಗಿ ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್‌ಗಳಲ್ಲಿ ‘ರಿಪ್ಲೇಸ್’ ಎಂಬ ಆಜ್ಞೆಯನ್ನು ಬಳಸುವವರುಂಟು. ಈ ಆಜ್ಞೆಯು ಹಳೆಯ ಸಾಲನ್ನು ತಿದ್ದುವುದಿಲ್ಲ. ಅದನ್ನು ಅಳಿಸಿ ಅದರ ಸ್ಥಾನದಲ್ಲಿ ಹೊಸ ಸಾಲನ್ನು ಬರೆಯುತ್ತದೆ. ‘ದಾನಿಯನ್ನು ಅಳಿಸಿದರೆ ಅವರ ದತ್ತಿಗಳನ್ನೂ ಅಳಿಸು’ ಎಂಬ ‘ಕ್ಯಾಸ್ಕೇಡ್’ ನಿಯಮವು ಜಾರಿಯಲ್ಲಿದ್ದರೆ, ದಾನಿಯ ಊರಿನ ಹೆಸರಿನಲ್ಲಿ ಒಂದಕ್ಷರ ತಿದ್ದಿದ ಫಲವಾಗಿ ಅವರು ಇಟ್ಟ ದತ್ತಿಗಳೆಲ್ಲವೂ, ದತ್ತಿಯಿಂದ ಬಹುಮಾನಕ್ಕೂ ಅದೇ ನಿಯಮವಿದ್ದರೆ ಬಹುಮಾನಗಳ ಇತಿಹಾಸವೂ, ಒಂದು ಮಾತಿಲ್ಲದೆ ಮಾಯವಾಗುತ್ತವೆ. ಇಂತಹ ಕಾರ್ಯಕ್ಕೆ ಯೋಗ್ಯವಾದ ಆಜ್ಞೆಗಳು ಬೇರೆಯಿವೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಆನ್ ಡ್ಯೂಪ್ಲಿಕೇಟ್ ಕೀ ಅಪ್‌ಡೇಟ್’ ಎಂಬುದೂ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ೨೦೧೬ರಿಂದ ಮತ್ತು ಎಸ್‌ಕ್ಯೂಲೈಟ್‌ನಲ್ಲಿ ೨೦೧೮ರಿಂದ ‘ಆನ್ ಕಾನ್‌ಫ್ಲಿಕ್ಟ್’ ಎಂಬುದೂ ಇದ್ದ ಸಾಲನ್ನು ಇದ್ದಲ್ಲಿಯೇ ತಿದ್ದುತ್ತವೆ. ದತ್ತಿಯಂತಹ ದಾಖಲೆಗಳಿಗೆ ಕ್ಯಾಸ್ಕೇಡ್ ನಿಯಮವೇ ಬೇಡ. ಆಶ್ರಿತರಿರುವವರೆಗೆ ಆಶ್ರಯವನ್ನು ಅಳಿಸಲು ಬಿಡದ ‘ರಿಸ್ಟ್ರಿಕ್ಟ್’ ನಿಯಮವೇ ಅಲ್ಲಿ ಶ್ರೇಯಸ್ಕರ.

ಮೂರನೆಯದು ಗಣಕದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ತಪ್ಪನ್ನು ತಿದ್ದುವುದು ಬೇರೆ, ಬದಲಾವಣೆಯನ್ನು ದಾಖಲಿಸುವುದು ಬೇರೆ. ಮೇಲೆ ಹೇಳಿದ ೧೦,೦೦೦ ರೂಪಾಯಿಗಳ ದತ್ತಿಗೆ ಶೇಕಡಾ ೬ರ ಬಡ್ಡಿಯಂತೆ ವರ್ಷಕ್ಕೆ ೬೦೦ ರೂಪಾಯಿಗಳ ಬಹುಮಾನ ಸಲ್ಲುತ್ತಿತ್ತೆನ್ನೋಣ. ಕೆಲವು ವರ್ಷಗಳ ಬಳಿಕ ದಾನಿಯ ಮಕ್ಕಳು ಇನ್ನೂ ೧೫,೦೦೦ ರೂಪಾಯಿಗಳನ್ನು ಸೇರಿಸಿದರೆ ಮೂಲಧನವು ೨೫,೦೦೦ ರೂಪಾಯಿಗಳಾಗಿ, ಬಹುಮಾನವು ೧,೫೦೦ ರೂಪಾಯಿಗಳಾಗುತ್ತದೆ. ಸ್ಕ್ರಿಪ್ಟು ಮೂಲಧನದ ಅಂಕಿಯನ್ನು ಸುಮ್ಮನೆ ಬದಲಿಸಿ, ಬಹುಮಾನದ ಮೊತ್ತವನ್ನು ಅದರಿಂದಲೇ ಲೆಕ್ಕ ಹಾಕುವಂತಿದ್ದರೆ, ಹಿಂದಿನ ವರ್ಷಗಳಲ್ಲಿ ೬೦೦ ರೂಪಾಯಿ ಪಡೆದ ಮಕ್ಕಳೆಲ್ಲರೂ ೧,೫೦೦ ರೂಪಾಯಿ ಪಡೆದಂತೆ ತೋರುವುದು. ಲೆಕ್ಕಪರಿಶೋಧಕರು ಕೇಳಿದರೆ ಉತ್ತರವಿಲ್ಲ. ಆದುದರಿಂದ ಕೊಟ್ಟ ಮೊತ್ತವನ್ನು ಬಹುಮಾನದ ಸಾಲಿನಲ್ಲಿಯೇ ಬರೆದಿಡಬೇಕು. ಮೂಲಧನಕ್ಕೆ ಸೇರಿದ ಪ್ರತಿಯೊಂದು ಮೊತ್ತವನ್ನೂ ದಿನಾಂಕ ಹಾಗೂ ರಸೀದಿ ಸಂಖ್ಯೆಯೊಡನೆ ಬೇರೆ ಸಾಲಾಗಿ ಸೇರಿಸಬೇಕು. ಹಳೆಯ ಖಾತೆ ಪುಸ್ತಕಗಳಲ್ಲಿ ತಪ್ಪು ಅಂಕಿಯನ್ನು ಉಜ್ಜಿ ಅಳಿಸದೆ, ಓದಲು ಬರುವಂತೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯನ್ನು ಬರೆದು ಕಿರುಸಹಿ ಮಾಡುವ ಪದ್ಧತಿಯಿತ್ತು. ಯಾರು, ಎಂದು, ಯಾವುದನ್ನು, ಏನೆಂದು ತಿದ್ದಿದರೆಂಬ ಪ್ರತ್ಯೇಕ ಕೋಷ್ಟಕವನ್ನಿಟ್ಟುಕೊಂಡರೆ ಗಣಕದಲ್ಲಿಯೂ ಆ ಪದ್ಧತಿಯು ಉಳಿಯುತ್ತದೆ.

೬. ವ್ಯವಹಾರದ ಅಖಂಡತೆ

ದಾನಿಯ ಸಾಲನ್ನು ಬರೆದಾಯಿತು. ದತ್ತಿಯ ಸಾಲನ್ನು ಬರೆಯುವಷ್ಟರಲ್ಲಿ ವಿದ್ಯುತ್ತು ಹೋಯಿತು. ಹೆಸರಿದೆ, ದತ್ತಿಯಿಲ್ಲ. ಅಥವಾ ಹಣ ಬಂದುದಕ್ಕೆ ರಸೀದಿಯಿದೆ, ಮೂಲಧನದಲ್ಲಿ ಹಣವಿಲ್ಲ. ಇಂತಹ ಅರ್ಧಸತ್ಯವು ಪೂರ್ಣ ಅಸತ್ಯಕ್ಕಿಂತ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯವೇ ‘ಟ್ರಾನ್ಸಾಕ್ಷನ್’, ಎಂದರೆ ವ್ಯವಹಾರ. ‘ಬಿಗಿನ್’ ಎಂದು ಆರಂಭಿಸಿ, ಸಂಬಂಧವುಳ್ಳ ಎಲ್ಲ ಸಾಲುಗಳನ್ನೂ ಬರೆದು, ‘ಕಮಿಟ್’ ಎಂದು ಮುಗಿಸಿದರೆ ಮಾತ್ರ ಅವೆಲ್ಲವೂ ಒಟ್ಟಿಗೆ ಸ್ಥಿರವಾಗುತ್ತವೆ. ನಡುವೆ ವಿಘ್ನ ಬಂದರೆ ‘ರೋಲ್‌ಬ್ಯಾಕ್’ ಎಂಬ ಕ್ರಮದಿಂದ ಎಲ್ಲವೂ ಮೊದಲಿದ್ದಂತೆಯೇ ಆಗುತ್ತದೆ. ಈ ತತ್ತ್ವವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಅಗ್ರಗಣ್ಯನಾದ ಜಿಮ್ ಗ್ರೇಗೆ ೧೯೯೮ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂದಿತು. ೧೯೮೩ರಲ್ಲಿ ಥಿಯೋ ಹ್ಯಾರ್ಡರ್ ಮತ್ತು ಆಂಡ್ರಿಯಾಸ್ ರಾಯ್ಟರ್ ಎಂಬ ವಿದ್ವಾಂಸರು ವ್ಯವಹಾರದ ನಾಲ್ಕು ಲಕ್ಷಣಗಳ ಮೊದಲಕ್ಷರಗಳನ್ನು ಕೂಡಿಸಿ ‘ಆಸಿಡ್’ ಎಂದು ಹೆಸರಿಟ್ಟರು. ಆ ಲಕ್ಷಣಗಳು ಅಖಂಡತೆ, ಸುಸಂಗತಿ, ಪ್ರತ್ಯೇಕತೆ, ಶಾಶ್ವತತೆ. ಎಲ್ಲವೂ ಆಗಬೇಕು ಅಥವಾ ಏನೂ ಆಗಬಾರದು, ನಿಯಮಗಳು ಮುರಿಯಬಾರದು, ಒಬ್ಬರ ಅಪೂರ್ಣ ಕಾರ್ಯವು ಇನ್ನೊಬ್ಬರ ಕಣ್ಣಿಗೆ ಬೀಳಬಾರದು, ಮುಗಿದುದು ಮತ್ತೆ ಅಳಿಯಬಾರದು.

ವ್ಯವಹಾರದ ಗಡಿಯನ್ನು ಎಲ್ಲಿ ಹಾಕಬೇಕೆಂಬುದು ಮಾತ್ರ ಗಣಕಕ್ಕೆ ತಿಳಿಯದು. ದಾನಿ, ದತ್ತಿ, ರಸೀದಿ ಈ ಮೂರು ಸೇರಿ ಒಂದು ವಾಕ್ಯವೆಂಬುದನ್ನು ಸಂಸ್ಥೆಯ ಕಟ್ಟಳೆ ಬಲ್ಲವರೇ ಹೇಳಬೇಕು. ವಾಕ್ಯದ ನಡುವೆ ಪೂರ್ಣವಿರಾಮ ಹಾಕಿದರೆ ಅರ್ಥ ಕೆಡುತ್ತದೆ. ಇಡೀ ಗ್ರಂಥದ ಕೊನೆಗೆ ಒಂದೇ ಪೂರ್ಣವಿರಾಮವಿಟ್ಟರೆ ಓದುವವರ ಉಸಿರು ಕಟ್ಟುತ್ತದೆ. ಸಾವಿರ ದತ್ತಿಗಳನ್ನು ಒಂದೇ ವ್ಯವಹಾರದಲ್ಲಿ ಬಿಗಿದರೆ ಸಾವಿರನೆಯದರ ದೋಷಕ್ಕಾಗಿ ಉಳಿದ ೯೯೯ ಕೂಡ ಹಿಂದಿರುಗುತ್ತವೆ.

೭. ಹೆಸರಿನ ತೊಡಕು

ಹೆಸರುಗಳನ್ನು ಆಜ್ಞೆಯೊಳಗೆ ಹಾಗೆಯೇ ಹೊಸೆದು ಬರೆಯುವುದು ಅಪಾಯಕರ. ಕರಾವಳಿಯಲ್ಲಿ ಬಹಳವಾಗಿ ಕೇಳಿಬರುವ ಡಿಸೋಜ ಎಂಬ ಹೆಸರನ್ನು ಆಂಗ್ಲ ಅಕ್ಷರಗಳಲ್ಲಿ ಬರೆಯುವಾಗ ನಡುವೆ ಲೋಪಚಿಹ್ನೆಯೊಂದು ಬರುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಅದೇ ಚಿಹ್ನೆಯು ಶಬ್ದದ ಮುಕ್ತಾಯವನ್ನು ಸೂಚಿಸುವುದರಿಂದ, ಹೆಸರು ಅಲ್ಲಿಗೇ ಮುಗಿಯಿತೆಂದು ತಿಳಿದು ದತ್ತಸಂಚಯವು ಮುಂದಿನ ಅಕ್ಷರಗಳನ್ನು ಆಜ್ಞೆಯೆಂದೇ ಓದತೊಡಗುತ್ತದೆ. ದುರುದ್ದೇಶವುಳ್ಳವರು ಇದೇ ಸಂದಿಯಲ್ಲಿ ನುಸುಳಿ ಹೆಸರಿನ ಸ್ಥಾನದಲ್ಲಿ ಆಜ್ಞೆಗಳನ್ನೇ ಬರೆಯುವುದುಂಟು. ಅದಕ್ಕೆ ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಎಂದು ಹೆಸರು. ಆಜ್ಞೆಯಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಹೆಸರನ್ನು ಬೇರೆಯಾಗಿ ಒಪ್ಪಿಸುವುದೇ ಸರಿಯಾದ ಮಾರ್ಗ.

ಕನ್ನಡ ಲಿಪಿಯಲ್ಲಿ ಮತ್ತೊಂದು ಸೂಕ್ಷ್ಮವಿದೆ. ಯೂನಿಕೋಡ್ ಪದ್ಧತಿಯಲ್ಲಿ ‘ಕೋ’ ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘಗಳೆಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ‘ಕೋಟ್ರಪ್ಪ’ ಎಂಬ ಒಬ್ಬರೇ ದಾನಿಯು ಇಬ್ಬರಾಗಿ, ಅವರ ದತ್ತಿಗಳು ಎರಡು ಕಡೆ ಹಂಚಿಹೋಗಲು ಇಷ್ಟೇ ಸಾಕು. ಬರೆಯುವ ಮುನ್ನ ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸೇಶನ್’ ಎಂಬ ಸಂಸ್ಕಾರವನ್ನು ಸ್ಕ್ರಿಪ್ಟು ಮಾಡಬೇಕು.

೮. ನಾಡಿನ ಒಂದು ನಿದರ್ಶನ

ಇವೆಲ್ಲ ಸಣ್ಣ ಕಚೇರಿಯ ಚಿಂತೆಗಳೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಕರ್ನಾಟಕದ ‘ಭೂಮಿ’ ಯೋಜನೆಯೇ ಸಾಕ್ಷಿ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಂದಾಯ ಇಲಾಖೆಯು ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಅಲ್ಲಿ ಜಮೀನನ್ನು ಗುರುತಿಸುವುದು ಸರ್ವೆ ಸಂಖ್ಯೆ ಮತ್ತು ಹಿಸ್ಸಾ ಸಂಖ್ಯೆಗಳಿಂದ, ಒಡೆಯನ ಹೆಸರಿನಿಂದಲ್ಲ. ಒಡೆತನ ಬದಲಾದಾಗ ಪಹಣಿಯನ್ನು ಏಕಾಏಕಿ ತಿದ್ದುವುದಿಲ್ಲ. ಮೊದಲು ಹಕ್ಕು ಬದಲಾವಣೆಯ, ಎಂದರೆ ಮ್ಯುಟೇಶನ್ನಿನ ದಾಖಲೆ ಹುಟ್ಟಬೇಕು. ಅದು ಅಂಗೀಕೃತವಾದ ಮೇಲೆ ಪಹಣಿಯಲ್ಲಿ ಹೊಸ ಒಡೆಯನ ಹೆಸರು ಬರುತ್ತದೆ, ಅದರ ಜೊತೆಯಲ್ಲಿ ಮ್ಯುಟೇಶನ್ ಸಂಖ್ಯೆಯೂ ನಿಲ್ಲುತ್ತದೆ. ಯಾವ ಕಾರಣದಿಂದ ಈ ಹೆಸರು ಇಲ್ಲಿಗೆ ಬಂದಿತೆಂದು ಕೇಳಿದರೆ ಆ ಸಂಖ್ಯೆಯೇ ಉತ್ತರ. ನೋಂದಣಿ ಇಲಾಖೆಯ ‘ಕಾವೇರಿ’ ವ್ಯವಸ್ಥೆಯನ್ನು ‘ಭೂಮಿ’ಯೊಡನೆ ಜೋಡಿಸಿದುದರ ಉದ್ದೇಶವೂ ಇದೇ: ಕ್ರಯಪತ್ರವು ಒಂದು ಕಡೆ ನೋಂದಣಿಯಾಗಿ, ಹಕ್ಕು ಬದಲಾವಣೆಯು ಇನ್ನೊಂದು ಕಡೆ ನಿಂತುಹೋಗದಿರಲಿ ಎಂಬುದು. ಸಂಬಂಧ ಹರಿದರೆ ಅಲ್ಲಿ ತೊಂದರೆಗೆ ಒಳಗಾಗುವವನು ರೈತನು. ಶಾಲೆಯಲ್ಲಿ ವಿದ್ಯಾರ್ಥಿಯೂ ದಾನಿಯೂ.

೯. ಉಪಸಂಹಾರ

ಈವರೆಗೆ ವಿವೇಚಿಸಿದುದನ್ನು ಸಂಗ್ರಹಿಸಿ ಹೇಳುವುದಾದರೆ: ಗುರುತು ಸಂಖ್ಯೆಯಿಂದಿರಲಿ, ಹೆಸರಿನಿಂದ ಬೇಡ. ಆಶ್ರಯವು ಮೊದಲು, ಆಶ್ರಿತವು ಬಳಿಕ. ಹೊಸ ಸಂಖ್ಯೆಯನ್ನು ಊಹಿಸದೆ ಕೇಳಿ ಪಡೆಯಬೇಕು. ತಿದ್ದುವಾಗ ಸಾಲುಗಳನ್ನು ಎಣಿಸಬೇಕು. ಅಳಿಸಿ ಬರೆಯುವುದನ್ನು ತಿದ್ದುಪಡಿಯೆಂದು ಭ್ರಮಿಸಬಾರದು. ಒಂದು ಅರ್ಥಕ್ಕೆ ಸೇರಿದ ಸಾಲುಗಳೆಲ್ಲ ಒಂದೇ ವ್ಯವಹಾರದಲ್ಲಿರಬೇಕು. ಸ್ಕ್ರಿಪ್ಟನ್ನು ಮೊದಲು ಪ್ರತಿಯ ಮೇಲೆ ನಡೆಸಿ ನೋಡಿ, ಅನಂತರ ಮೂಲದ ಮೇಲೆ ನಡೆಸಬೇಕು. ಗಣಕಕ್ಕೆ ಏರಿಸಿದ ಮೇಲೂ ಹಳೆಯ ಖಾತೆ ಪುಸ್ತಕಗಳನ್ನು ಕಪಾಟಿನಲ್ಲಿ ಜೋಪಾನವಾಗಿ ಇರಿಸಬೇಕು. ಸಂದೇಹ ಬಂದಾಗ ತೀರ್ಪು ಹೇಳಬಲ್ಲ ಮೂಲಪ್ರತಿಗಳು ಅವೇ.

ದತ್ತಿಯಿಟ್ಟವರಲ್ಲಿ ಬಹುಮಂದಿ ಸಿರಿವಂತರಲ್ಲ. ನಿವೃತ್ತಿಯ ಹಣದಲ್ಲಿ ಒಂದಂಶವನ್ನು ತಂದೆಯ ಹೆಸರಿನಲ್ಲಿ ಇಟ್ಟ ಉಪಾಧ್ಯಾಯರಿದ್ದಾರೆ, ಮೊದಲ ಸಂಬಳವನ್ನು ತಾಯಿಯ ಹೆಸರಿನಲ್ಲಿ ಒಪ್ಪಿಸಿದ ಹಳೆಯ ವಿದ್ಯಾರ್ಥಿಗಳಿದ್ದಾರೆ. ಅವರು ಬೇಡಿದುದು ಒಂದೇ: ವರ್ಷಕ್ಕೊಮ್ಮೆ ಬಹುಮಾನ ವಿತರಣೆಯ ದಿನ ಒಂದು ಮಗುವಿನ ಹೆಸರಿನ ಜೊತೆಗೆ ಆ ಹೆಸರೂ ಕೇಳಿಬರಲಿ ಎಂದು. ಆ ಎರಡು ಹೆಸರುಗಳನ್ನು ಕೂಡಿಸುವುದು ದತ್ತಸಂಚಯದ ಒಂದು ಸಾಲಿನಲ್ಲಿರುವ ಎರಡು ಸಂಖ್ಯೆಗಳು. ಅವುಗಳಲ್ಲಿ ಒಂದು ತಪ್ಪಿದರೂ ಹಣವು ಉಳಿಯುತ್ತದೆ, ಬಹುಮಾನವೂ ಸಲ್ಲುತ್ತದೆ, ಸ್ಮರಣೆಯು ಮಾತ್ರ ತಪ್ಪುತ್ತದೆ. ಆ ಎರಡು ಸಂಖ್ಯೆಗಳನ್ನು ಎಚ್ಚರದಿಂದ ಬರೆಯುವ ಗುಮಾಸ್ತರೂ, ಸ್ಕ್ರಿಪ್ಟನ್ನು ರಚಿಸುವ ತರುಣರೂ ದಾನಿಗಳು ಇರಿಸಿದ ವಿಶ್ವಾಸಕ್ಕೆ ಕಾವಲುಗಾರರೇ ಆಗಿದ್ದಾರೆ.